ಬೀಪ್ ನಿಲ್ಲಿಸಿದರೆ ಏರ್‌ಬ್ಯಾಗ್‌ಗೆ ಏನು ಗೊತ್ತಾಗುತ್ತದೆ?

ಹೆಬ್ಬೆರಳಿನಷ್ಟು ಉದ್ದದ ಒಂದು ಲೋಹದ ತುಂಡು, ಕ್ಲಿಪ್ ಅನ್ನೋಣ. ಸೀಟ್ ಬೆಲ್ಟ್ ತುದಿಯಲ್ಲಿರುವ ಪಟ್ಟಿಯ ಅಳತೆಗೇ ಕತ್ತರಿಸಿದ್ದು, ಮೇಲೊಂದು ಪ್ಲಾಸ್ಟಿಕ್ ಹಿಡಿ. ಬಕಲ್ ಒಳಗೆ ತಳ್ಳಿದರೆ ಕ್ಲಿಕ್ ಅನ್ನುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುತ್ತದೆ, ಟಿಂಗ್ ಟಿಂಗ್ ನಿಲ್ಲುತ್ತದೆ. ಬೆಲ್ಟ್ ಮಾತ್ರ ಬಾಗಿಲ ಪಕ್ಕದಲ್ಲಿ ಸುಮ್ನೆ ನೇತಾಡುತ್ತಿರುತ್ತದೆ.

ಬೀಪ್ ನಿಲ್ಲಿಸೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಬೇರೆ ದಾರಿಗಳೂ ಇವೆ. ಕೆಲವರು ಬೆಲ್ಟನ್ನು ಬೆನ್ನ ಹಿಂದಿನಿಂದ ಎಳೆದು ಸಿಕ್ಕಿಸಿ, ಅದರ ಮೇಲೆ ಒರಗಿ ಕೂರುತ್ತಾರೆ. ವೈರಿಂಗ್ ಗೊತ್ತಿರುವವರು ಸೀಟಿನ ಕೆಳಗಿನ ಕನೆಕ್ಟರ್ ಬಿಚ್ಚಿ, ಕರೆಂಟನ್ನು ತಡೆಯುವ ಸಣ್ಣ ಬಿಡಿಭಾಗವಾದ ರೆಸಿಸ್ಟರ್ ಸೇರಿಸುತ್ತಾರೆ. ಇನ್ನು ಕೆಲವರು ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಕಾರಿನ ದೋಷ ಪತ್ತೆಗೆ ಮೆಕ್ಯಾನಿಕ್‌ಗಳು ಬಳಸುವ ಕಿಂಡಿ) ಅಡಾಪ್ಟರ್ ಹಾಕಿ, ಫೋನಿನ ಆ್ಯಪ್‌ನಿಂದ ಸದ್ದನ್ನು ಆಫ್ ಮಾಡುತ್ತಾರೆ. ಮಾತಿನಲ್ಲಿ ಎಲ್ಲಕ್ಕೂ ಒಂದೇ ಹೆಸರು: ಬೀಪ್ ತೆಗೆಸೋದು.

ಕಾರಿನ ಲೆಕ್ಕದಲ್ಲಿ ಮಾತ್ರ ಇವೆಲ್ಲ ಒಂದೇ ಅಲ್ಲ. ಸದ್ದನ್ನು ತಗ್ಗಿಸುವುದು ಒಂದು ಕೆಲಸ. ಬೆಲ್ಟ್ ಹಾಕಿದ್ದೇನೆ ಅಂತ ಕಾರಿಗೆ ಸುಳ್ಳು ಹೇಳುವುದು ಬೇರೆಯೇ ಕೆಲಸ. ಆ ಸುಳ್ಳು ಸ್ಪೀಕರ್ ತನಕ ಹೋಗಿ ಮುಗಿಯುವುದಿಲ್ಲ. ಏರ್‌ಬ್ಯಾಗ್ ಯಾವಾಗ ತೆರೆಯಬೇಕು ಅಂತ ತೀರ್ಮಾನಿಸುವ ಕಂಪ್ಯೂಟರ್ ಕೂಡ ಅದನ್ನೇ ನಂಬುತ್ತದೆ. ಬೀಪ್ ಬಗ್ಗೆ ಇಷ್ಟೆಲ್ಲ ಜಗಳ ನಡೆಯುವಾಗ ಈ ಒಂದು ವಿಷಯ ಯಾಕೋ ಪಕ್ಕಕ್ಕೆ ಸರಿದುಬಿಡುತ್ತದೆ.

ಸದ್ದು ಬರುವ ದಾರಿ

ಬಕಲ್ ಒಳಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಹಳೆಯ ಕಾರುಗಳಲ್ಲಿ ಅದು ಒತ್ತಿದರೆ ಮುಚ್ಚುವ ಮೈಕ್ರೋಸ್ವಿಚ್. ಈಗಿನ ಎಷ್ಟೋ ಕಾರುಗಳಲ್ಲಿ ಹಾಲ್ ಸೆನ್ಸರ್ ಇರುತ್ತದೆ. ಬೆಲ್ಟಿನ ಲೋಹದ ಪಟ್ಟಿ ಒಳಗೆ ಬಂದಾಗ ಅಯಸ್ಕಾಂತದ ಪ್ರಭಾವ ಬದಲಾಗುತ್ತದಲ್ಲ, ಅದನ್ನು ಮುಟ್ಟದೆಯೇ ಗುರುತಿಸುವ ಸೆನ್ಸರ್ ಇದು. ಇಂಥ ಕಾರುಗಳಲ್ಲಿ ಬೆಲ್ಟ್ ಹಾಕಿದಾಗ ವೈರಿನಲ್ಲಿ ಒಂದು ಮಟ್ಟದ ಕರೆಂಟ್ ಹರಿಯುತ್ತದೆ, ತೆಗೆದಾಗ ಇನ್ನೊಂದು ಮಟ್ಟ. ಎರಡೂ ಸೊನ್ನೆಯಲ್ಲ. ಕರೆಂಟೇ ಇಲ್ಲ ಅಂದರೆ ವೈರ್ ತುಂಡಾಗಿದೆ ಅಂತ ಕಂಪ್ಯೂಟರ್ ಅರ್ಥ ಮಾಡಿಕೊಳ್ಳುತ್ತದೆ. ವೈರ್ ಕತ್ತರಿಸಿದರೆ ಸಾಕು ಅಂದುಕೊಂಡವರಿಗೆ ಬೀಪ್ ಬದಲು ಏರ್‌ಬ್ಯಾಗ್ ದೋಷದ ದೀಪ ಸಿಗುವುದು ಇದೇ ಕಾರಣಕ್ಕೆ.

ಮುಂದಿನ ಪ್ರಯಾಣಿಕರ ಸೀಟಿನಲ್ಲಿ ಇನ್ನೊಂದು ಸೆನ್ಸರ್ ಇರುತ್ತದೆ. ಕುಶನ್ ಕೆಳಗೆ ಒತ್ತಡ ಅಳೆಯುವ ಚಾಪೆಯಂಥದ್ದು, ಅಥವಾ ಸೀಟಿನ ಕಾಲುಗಳಲ್ಲಿ ಭಾರ ಅಳೆಯುವಂಥದ್ದು. ಲ್ಯಾಪ್‌ಟಾಪ್ ಚೀಲ ಇಟ್ಟರೂ ಕೆಲವು ಕಾರುಗಳು ಕಿರುಚುವುದು ಇದರಿಂದಲೇ.

ಈ ಮಾಹಿತಿ ಬಹಳಷ್ಟು ಕಾರುಗಳಲ್ಲಿ ಮೊದಲು ಹೋಗುವುದು ಏರ್‌ಬ್ಯಾಗ್ ನಿಯಂತ್ರಿಸುವ ಘಟಕಕ್ಕೆ. ಸಾಮಾನ್ಯವಾಗಿ ಗೇರ್ ಲಿವರ್ ಆಸುಪಾಸಿನಲ್ಲಿ, ನೆಲಕ್ಕೆ ಬಿಗಿದ ಒಂದು ಡಬ್ಬಿ. ಅದು ಕಾರಿನೊಳಗಿನ ಜಾಲದ ಮೂಲಕ ಮೀಟರ್ ಬೋರ್ಡಿಗೆ 'ಬೆಲ್ಟ್ ಹಾಕಿಲ್ಲ' ಅಂತ ಹೇಳುತ್ತದೆ. ಮೀಟರ್ ಬೋರ್ಡ್ ದೀಪ ಹಚ್ಚಿ ಸದ್ದು ಮಾಡುತ್ತದೆ. ಅಂದರೆ ನಮಗೆ ಕೇಳುವ ಟಿಂಗ್ ಟಿಂಗ್ ಈ ಸರಪಳಿಯ ಕೊನೆಯ ಕೊಂಡಿ. ಕ್ಲಿಪ್ ಕೈ ಹಾಕುವುದು ಮೊದಲ ಕೊಂಡಿಗೆ.

ಏರ್‌ಬ್ಯಾಗ್ ಘಟಕಕ್ಕೆ ಈ ಮಾಹಿತಿ ಯಾಕೆ ಬೇಕು? ಗಟ್ಟಿ ಗೋಡೆಗೆ ನೇರ ಗುದ್ದುವ ಲೆಕ್ಕ ತೆಗೆದುಕೊಳ್ಳಿ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ ಐಐಎಚ್‌ಎಸ್ ಕೊಡುವ ಅಂದಾಜಿನಂತೆ, ಬೆಲ್ಟ್ ಹಾಕದವರಿಗೆ ಗಂಟೆಗೆ ಸುಮಾರು 16ರಿಂದ 19 ಕಿ.ಮೀ. ವೇಗದ ಗುದ್ದಿಗೇ ಮುಂದಿನ ಏರ್‌ಬ್ಯಾಗ್ ತೆರೆಯುತ್ತದೆ. ಬೆಲ್ಟ್ ಹಾಕಿದವರಿಗೆ ಸುಮಾರು 26 ಕಿ.ಮೀ. ತನಕ ಕಾಯುತ್ತದೆ. ಕಡಿಮೆ ವೇಗದಲ್ಲಿ ಬೆಲ್ಟ್ ಒಂದೇ ಸಾಕು, ಏರ್‌ಬ್ಯಾಗ್ ಬಡಿತದಿಂದ ಆಗುವ ಗಾಯವನ್ನು ಸುಮ್ಮನೆ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು ಅನ್ನುವ ಲೆಕ್ಕಾಚಾರ ಅದು. ಬೇರೆ ಬೇರೆ ಕಾರುಗಳಲ್ಲಿ ಅಂಕಿ ಸ್ವಲ್ಪ ಆಚೀಚೆ ಆಗಬಹುದು, ತರ್ಕ ಇದೇ.

ಈಗ ಕ್ಲಿಪ್ ಸಿಕ್ಕಿಸಿಕೊಂಡವರು 22 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿದರು ಅಂದುಕೊಳ್ಳಿ. ಕಂಪ್ಯೂಟರ್ ಪಾಲಿಗೆ ಅವರು ಬೆಲ್ಟ್ ಹಾಕಿದ್ದಾರೆ. ಹಾಗಾಗಿ ಏರ್‌ಬ್ಯಾಗ್ ಸುಮ್ಮನಿರುತ್ತದೆ. ಹಿಡಿದುಕೊಳ್ಳಲು ಬೆಲ್ಟ್ ಇಲ್ಲ. ಎದುರಿಗೆ ಇರುವುದು ಸ್ಟೀರಿಂಗ್ ಮಾತ್ರ. ಕ್ಲಿಪ್ ಹಾಕದೆ, ಬೀಪ್ ಸಹಿಸಿಕೊಂಡು, ಬೆಲ್ಟ್ ಇಲ್ಲದೆ ಹೋಗುತ್ತಿದ್ದರೂ ಅವರಿಗೆ ಕನಿಷ್ಠ ಏರ್‌ಬ್ಯಾಗ್ ಆದರೂ ಸಿಗುತ್ತಿತ್ತು. ಕ್ಲಿಪ್ ಅದನ್ನೂ ಕಿತ್ತುಕೊಂಡಿತು. ಬೆಲ್ಟ್ ಹಾಕದಿರುವುದಕ್ಕಿಂತ ಹಾಕಿದ್ದೇನೆ ಅಂತ ನಂಬಿಸುವುದು ಕೆಟ್ಟದ್ದು ಅಂತ ನಾನು ಹೇಳುವುದು ಇದಕ್ಕೇ.

ಇದು ಬರೀ ಊಹೆಯೂ ಅಲ್ಲ. ದಪ್ಪ ಮೈಯವರಿಗೆ ಬೆಲ್ಟ್ ಸಾಲದಿದ್ದಾಗ ಜೋಡಿಸುವ ಎಕ್ಸ್‌ಟೆಂಡರ್ ಇದೆಯಲ್ಲ, ಅದರ ಬಗ್ಗೆ ಟೊಯೋಟಾ ಕಾರುಗಳ ಕೈಪಿಡಿಗಳಲ್ಲಿ ಒಂದು ಎಚ್ಚರಿಕೆ ಇದೆ. ಎಕ್ಸ್‌ಟೆಂಡರನ್ನು ಬಕಲ್‌ನಲ್ಲಿ ಬಿಟ್ಟು ಬೆಲ್ಟ್ ಹಾಕದಿದ್ದರೆ, ಚಾಲಕ ಬೆಲ್ಟ್ ಹಾಕಿದ್ದಾನೆ ಅಂತ ಏರ್‌ಬ್ಯಾಗ್ ವ್ಯವಸ್ಥೆ ತಿಳಿದುಕೊಳ್ಳುತ್ತದೆ, ಡಿಕ್ಕಿಯಾದಾಗ ಏರ್‌ಬ್ಯಾಗ್ ಸರಿಯಾಗಿ ಕೆಲಸ ಮಾಡದೆ ಹೋಗಬಹುದು ಅನ್ನುವುದು ಅದರ ಸಾರ. ಕ್ಲಿಪ್ ಮಾಡುವುದೂ ತದ್ವತ್ ಅದನ್ನೇ. ಎಕ್ಸ್‌ಟೆಂಡರ್‌ಗೆ ಒಂದು ಉಪಯೋಗವಾದರೂ ಇದೆ.

ಹೆಚ್ಚು ವೇಗದಲ್ಲಿ ಏರ್‌ಬ್ಯಾಗ್ ಹೇಗೂ ತೆರೆಯುತ್ತದಲ್ಲ ಅಂತ ಕೇಳಬಹುದು. ತೆರೆಯುತ್ತದೆ. ಆದರೆ ಎಷ್ಟೋ ಕಾರುಗಳಲ್ಲಿ ಅದಕ್ಕೆ ಎರಡು ಹಂತದ ಬಲ ಇರುತ್ತದೆ, ಯಾವ ಹಂತ ಬೇಕು ಅಂತ ನಿರ್ಧರಿಸುವಾಗಲೂ ಬೆಲ್ಟ್ ಸ್ಥಿತಿ ನೋಡಲಾಗುತ್ತದೆ. ಅದೂ ಅಲ್ಲದೆ ಡಿಕ್ಕಿಗೆ ಮುಂಚೆ ಬ್ರೇಕ್ ಒತ್ತಿದಾಗಲೇ ಬೆಲ್ಟ್ ಇಲ್ಲದ ಮೈ ಮುಂದಕ್ಕೆ ಜಾರಿರುತ್ತದೆ. ರೆಪ್ಪೆ ಬಡಿಯುವುದಕ್ಕಿಂತ ಬೇಗ ಉಬ್ಬುವ ಚೀಲಕ್ಕೆ ಮುಖ ಅಷ್ಟು ಹತ್ತಿರ ಇರಬಾರದು.

1974ರ ಪಾಠ

ಬೀಪ್ ಮೇಲಿನ ಸಿಟ್ಟು ಹೊಸದಲ್ಲ. ಅದಕ್ಕೆ ಅರ್ಧ ಶತಮಾನ ದಾಟಿದೆ.

ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೊಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟ್ 1959ರಲ್ಲೇ ಕಾರಿಗೆ ಬಂತು. ಕಂಪನಿ ಪೇಟೆಂಟನ್ನು ಬೇರೆಯವರಿಗೂ ಬಿಟ್ಟುಕೊಟ್ಟಿತು. ಬೆಲ್ಟ್ ಸಿಕ್ಕಿತು, ಹಾಕಿಕೊಳ್ಳುವವರು ಸಿಗಲಿಲ್ಲ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಕಾರುಗಳಿಗೆ ದೀಪ ಮತ್ತು ಬಜರ್ ಬಂದವು. ಜನ ಏನು ಮಾಡಿದರು? ಬೆಲ್ಟನ್ನು ಒಮ್ಮೆ ಸಿಕ್ಕಿಸಿ, ಮತ್ತೆ ಯಾವತ್ತೂ ಬಿಚ್ಚದೆ, ಅದರ ಮೇಲೆ ಕೂತರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅಂತ ಸರ್ಕಾರ 1974ರ ಮಾದರಿಗಳಿಗೆ ಇಂಟರ್‌ಲಾಕ್ ತಂದಿತು. ಮೊದಲು ಸೀಟಿನಲ್ಲಿ ಕೂರಬೇಕು, ಆಮೇಲೆ ಬೆಲ್ಟ್ ಹಾಕಬೇಕು. ಆ ಕ್ರಮ ತಪ್ಪಿದರೆ ಎಂಜಿನ್ ಸ್ಟಾರ್ಟೇ ಆಗುತ್ತಿರಲಿಲ್ಲ.

ಯೋಚನೆ ಚೆನ್ನಾಗಿತ್ತು, ಆಗಿನ ಸೆನ್ಸರ್‌ಗಳಿಗೆ ಅಷ್ಟು ಬುದ್ಧಿ ಇರಲಿಲ್ಲ. ಪಕ್ಕದ ಸೀಟಿನಲ್ಲಿ ದಿನಸಿ ಚೀಲ ಇದ್ದರೆ ಕಾರು ಹೊರಡದು. ನಾಯಿ ಕೂತರೆ ಹೊರಡದು. ಜನ ರೊಚ್ಚಿಗೆದ್ದರು, ಅಮೆರಿಕದ ಸಂಸತ್ತಿಗೆ ದೂರುಗಳ ಸುರಿಮಳೆಯಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾನೂನು ಇಂಟರ್‌ಲಾಕ್ ಕಡ್ಡಾಯವನ್ನು ಕಿತ್ತು ಹಾಕಿತು. ಅಷ್ಟೇ ಅಲ್ಲ, ಕಾರು ಸ್ಟಾರ್ಟ್ ಮಾಡಿದ ಮೇಲೆ 8 ಸೆಕೆಂಡಿಗಿಂತ ಜಾಸ್ತಿ ಬೀಪ್ ಕಡ್ಡಾಯ ಮಾಡಬಾರದು ಅಂತ ಸುರಕ್ಷತಾ ಇಲಾಖೆಯ ಕೈಯನ್ನೂ ಕಟ್ಟಿತು. ಆ ಕಟ್ಟು ಬಿಚ್ಚಿದ್ದು 2012ರಲ್ಲಿ. ಒಂದು ಒರಟು ಯಂತ್ರದಿಂದಾಗಿ 38 ವರ್ಷ ಬೀಪ್‌ನ ಬಾಯಿಗೆ ಬೀಗ ಬಿತ್ತು ಅನ್ನಿ.

ನಡುವೆ ಕಂಪನಿಗಳು ತಾವೇ ದಾರಿ ಹುಡುಕಿಕೊಂಡವು. ಫೋರ್ಡ್ ಕಂಪನಿ 2000ನೇ ಮಾದರಿ ವರ್ಷದಿಂದ ತಂದ ಬೆಲ್ಟ್‌ಮೈಂಡರ್, ಕಾನೂನಿನ ಬೀಪ್ ಮುಗಿದ ಮೇಲೂ ನಿಂತು ನಿಂತು ಐದು ನಿಮಿಷದ ತನಕ ನೆನಪಿಸುತ್ತಿತ್ತು. ಐಐಎಚ್‌ಎಸ್ ಅಧ್ಯಯನದಲ್ಲಿ ಅದು ಇಲ್ಲದ ಕಾರುಗಳಲ್ಲಿ 71% ಚಾಲಕರು ಬೆಲ್ಟ್ ಹಾಕಿದ್ದರೆ, ಇದ್ದ ಕಾರುಗಳಲ್ಲಿ 76% ಹಾಕಿದ್ದರು. ಸಣ್ಣ ಏರಿಕೆ ಅನ್ನಿಸಬಹುದು. ಸ್ವೀಡನ್‌ನಲ್ಲಿ ಇನ್ನೂ ಜೋರಾಗಿ, ಬಿಡದೆ ಕೂಗುವ ರಿಮೈಂಡರ್ ಇದ್ದ ಕಾರುಗಳನ್ನು ರಸ್ತೆಯಲ್ಲಿ ನಿಂತು ಎಣಿಸಿದಾಗ, ಅಂಥ ಕಾರುಗಳಲ್ಲಿ ಸುಮಾರು 99% ಚಾಲಕರು ಬೆಲ್ಟ್ ಹಾಕಿದ್ದರು. ರಿಮೈಂಡರ್ ಇಲ್ಲದ ಕಾರುಗಳಲ್ಲಿ 82%. ಕಿರಿಕಿರಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಕಿರಿಕಿರಿ ಮಾಡುವುದೇ ಅದರ ಕೆಲಸ ಅಲ್ವಾ?

ಬೆಲ್ಟಿನ ಲಾಭದ ಬಗ್ಗೆ ಉದ್ದ ಭಾಷಣ ಬೇಡ. ಕಾರಿನ ಮುಂದಿನ ಸೀಟಿನವರಿಗೆ ಸಾಯುವ ಅಪಾಯವನ್ನು ಅದು ಸುಮಾರು 45% ಇಳಿಸುತ್ತದೆ ಅಂತ ಅಮೆರಿಕದ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ಹೇಳುತ್ತದೆ. ಅಷ್ಟು ಸಾಕು.

ನಿಯಮ ಏನನ್ನುತ್ತದೆ

ಬೀಪ್ ಆಫ್ ಮಾಡುವುದು ಎಲ್ಲ ಕಡೆ ಪೂರ್ತಿ ನಿಷೇಧ ಅಂತ ತಿಳಿದವರು ಜಾಸ್ತಿ. ನಿಜ ಅಷ್ಟು ಸರಳವಲ್ಲ. ಯುರೋಪ್ ಮತ್ತು ಇನ್ನೂ ಹಲವು ದೇಶಗಳು ಅನುಸರಿಸುವ ವಿಶ್ವಸಂಸ್ಥೆಯ 16ನೇ ನಿಯಮಾವಳಿ ಬೀಪ್ ನಿಲ್ಲಿಸುವ ಏರ್ಪಾಟು ಇಡಲು ಕಂಪನಿಗಳಿಗೆ ಅವಕಾಶ ಕೊಡುತ್ತದೆ. ಆದರೆ ಷರತ್ತುಗಳನ್ನು ನೋಡಿ. ತಾತ್ಕಾಲಿಕವಾಗಿ ನಿಲ್ಲಿಸುವ ಕೆಲಸ, ಬೆಲ್ಟ್ ಹಾಕಿ ತೆಗೆಯುವುದಕ್ಕಿಂತ ಸಾಕಷ್ಟು ಕಷ್ಟವಾಗಿರಬೇಕು. ಕಾರು ನಿಂತಿದ್ದಾಗ ಮಾತ್ರ ಸಾಧ್ಯವಾಗಬೇಕು. ಇಗ್ನಿಷನ್ 30 ನಿಮಿಷಕ್ಕಿಂತ ಹೆಚ್ಚು ಆಫ್ ಆಗಿದ್ದು ಮತ್ತೆ ಆನ್ ಆದರೆ ಬೀಪ್ ತಾನಾಗಿ ಮರಳಬೇಕು. ಕಾಯಂ ಆಗಿ ನಿಲ್ಲಿಸುವ ವಿಧಾನ ಇದ್ದರೆ ಅದು ಕಂಪನಿಯ ತಾಂತ್ರಿಕ ಕೈಪಿಡಿಯಲ್ಲಿ ಮಾತ್ರ ಇರಬೇಕು, ಇಲ್ಲವೇ ಕಾರಿನ ಜತೆ ಕೊಡದ ಉಪಕರಣ ಬೇಕಾಗಬೇಕು. ಈ ನಿಯಮ ಬರೆದವರಿಗೆ ಮನುಷ್ಯರು ಚೆನ್ನಾಗಿ ಗೊತ್ತು. ಬೀಪ್ ನಿಲ್ಲಿಸುವುದು ಬೆಲ್ಟ್ ಹಾಕುವುದಕ್ಕಿಂತ ಸುಲಭವಾದ ದಿನ ಎಲ್ಲರೂ ಬೀಪನ್ನೇ ನಿಲ್ಲಿಸುತ್ತಾರೆ. ಕ್ಲಿಪ್ ಮುರಿಯುವುದು ಸರಿಯಾಗಿ ಈ ಲೆಕ್ಕವನ್ನೇ.

ಅಮೆರಿಕದ ಕಾನೂನಿನಲ್ಲಿ ಇನ್ನೊಂದು ವಿಚಿತ್ರ. ತಯಾರಕರು, ಡೀಲರ್‌ಗಳು, ರಿಪೇರಿ ಮಾಡುವವರು ಗೊತ್ತಿದ್ದೂ ಸುರಕ್ಷತಾ ಸಾಧನವನ್ನು ನಿಷ್ಕ್ರಿಯ ಮಾಡುವಂತಿಲ್ಲ. ಮಾಲೀಕ ತನ್ನ ಕಾರಿಗೆ ತಾನೇ ಮಾಡಿಕೊಂಡರೆ ಆ ಕೇಂದ್ರ ಕಾನೂನು ಅನ್ವಯಿಸುವುದಿಲ್ಲ. ಮೆಕ್ಯಾನಿಕ್ ಆಗಲ್ಲ ಅಂದ ಕೆಲಸವನ್ನು ಜನ ಮನೆಯಲ್ಲೇ ಕೂತು ಮಾಡಿಕೊಳ್ಳುವುದಕ್ಕೆ ಇದೂ ಒಂದು ಕಾರಣ ಇರಬೇಕು.

ಬೀಪ್ ಬಾರದಿರುವುದೇ ದೋಷ ಅಂತ ಪರಿಗಣಿಸಿದ್ದಕ್ಕೂ ಉದಾಹರಣೆ ಇದೆ. 2022ರ ಫೆಬ್ರುವರಿಯಲ್ಲಿ ಟೆಸ್ಲಾ ಅಮೆರಿಕದಲ್ಲಿ ಸುಮಾರು 8 ಲಕ್ಷ 17 ಸಾವಿರ ವಾಹನಗಳಿಗೆ ರೀಕಾಲ್, ಅಂದರೆ ದೋಷ ಸರಿಪಡಿಸುವ ಕರೆ, ಘೋಷಿಸಿತು. ಕೆಲವು ಸಂದರ್ಭಗಳಲ್ಲಿ, ಕಾರು ಸ್ಟಾರ್ಟ್ ಆದಾಗ ಚಾಲಕ ಬೆಲ್ಟ್ ಹಾಕದಿದ್ದರೂ ಸದ್ದು ಬರುತ್ತಿರಲಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಸರಿಯಾಯಿತು.

ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕ ಮತ್ತು ಪಕ್ಕದ ಸೀಟಿಗೆ ರಿಮೈಂಡರ್ ಕಡ್ಡಾಯ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಈ ಕ್ಲಿಪ್‌ಗಳನ್ನು ತೆಗೆಯಲು ಆದೇಶಿಸಿತು, ಮಾರಾಟಕ್ಕಿಟ್ಟಿದ್ದ 13,118 ನಮೂದುಗಳು ಅಲ್ಲಿಂದ ಹೋದವು. ತಮಾಷೆ ಏನೆಂದರೆ, ಕೆಲವರು ಇವನ್ನು ಬಾಟಲ್ ಓಪನರ್ ಹೆಸರಿನಲ್ಲಿ ಮಾರುತ್ತಿದ್ದರು.

ಯಾವ ಬದಲಾವಣೆ ಎಷ್ಟು ಕೆಟ್ಟದ್ದು

ನನ್ನ ಅಳತೆಗೋಲು ಒಂದೇ: ಮಾರ್ಪಾಡಿನ ನಂತರ ಏರ್‌ಬ್ಯಾಗ್ ಘಟಕಕ್ಕೆ ನಿಜ ಗೊತ್ತಿದೆಯೋ ಇಲ್ಲವೋ?

ಕ್ಲಿಪ್, ಬೆನ್ನ ಹಿಂದಿನ ಬೆಲ್ಟ್, ಬೆಲ್ಟ್ ಹಾಕಿದಂತೆ ತೋರಿಸುವ ರೆಸಿಸ್ಟರ್, ಮೂರರಲ್ಲೂ ಗೊತ್ತಿರುವುದಿಲ್ಲ. ರೆಸಿಸ್ಟರ್‌ನಲ್ಲಿ ಅಪಾಯ ಇನ್ನೂ ಒಂದು ಕೈ ಮೇಲೆ. ಕ್ಲಿಪ್ ತೆಗೆದರೆ ಎಲ್ಲ ಮೊದಲಿನಂತಾಗುತ್ತದೆ. ರೆಸಿಸ್ಟರ್ ಕಣ್ಣಿಗೆ ಬೀಳದೆ ಕಾರಿನಲ್ಲೇ ಉಳಿಯುತ್ತದೆ, ಮುಂದಿನ ಮಾಲೀಕನಿಗೂ ಹೋಗುತ್ತದೆ. ಜತೆಗೆ ಸೀಟಿನ ಕೆಳಗೆ ಹಳದಿ ಕನೆಕ್ಟರ್‌ಗಳು ಇರುತ್ತವೆ. ಹಳದಿ ಅಂದರೆ ಏರ್‌ಬ್ಯಾಗ್ ಮತ್ತು ಪ್ರಿಟೆನ್ಷನರ್ ಸಂಬಂಧದ್ದು. ಡಿಕ್ಕಿಯಾದಾಗ ಬೆಲ್ಟನ್ನು ಗಕ್ಕನೆ ಬಿಗಿಯುವ ಪ್ರಿಟೆನ್ಷನರ್ ಒಳಗೆ ಸಿಡಿಮದ್ದು ಇರುತ್ತದೆ, ಎಷ್ಟೋ ಕಾರುಗಳಲ್ಲಿ ಅದು ಬಕಲ್ ಬುಡದಲ್ಲೇ ಇದೆ. ಅದರ ವೈರಿಗೆ ಮಲ್ಟಿಮೀಟರ್ ಹಿಡಿದು ರೆಸಿಸ್ಟೆನ್ಸ್ ಅಳೆಯಬೇಡಿ ಅಂತ ಸರ್ವಿಸ್ ಕೈಪಿಡಿಗಳು ಹೇಳುತ್ತವೆ. ಮೀಟರಿನ ಸಣ್ಣ ಕರೆಂಟೇ ಅದನ್ನು ಸಿಡಿಸಬಹುದು ಅನ್ನುವ ಭಯ. ಬ್ಯಾಟರಿ ತೆಗೆದ ಮೇಲೂ ಏರ್‌ಬ್ಯಾಗ್ ಘಟಕದಲ್ಲಿ ಕೆಲವು ನಿಮಿಷ ಚಾರ್ಜ್ ಉಳಿದಿರುತ್ತದೆ. ಬಿಡುವಿನ ದಿನ ಸ್ಕ್ರೂಡ್ರೈವರ್ ಹಿಡಿದು ಕೂರುವ ಜಾಗವಲ್ಲ ಅದು.

ಸಾಫ್ಟ್‌ವೇರ್ ಬದಲಾವಣೆ ಬೇರೆ ಜಾತಿ. ಮೀಟರ್ ಬೋರ್ಡಿನಲ್ಲಿ ಸದ್ದು ಮಾತ್ರ ಆಫ್ ಆದರೆ ಬಕಲ್ ಸ್ವಿಚ್ ನಿಜವನ್ನೇ ಹೇಳುತ್ತಿರುತ್ತದೆ, ಏರ್‌ಬ್ಯಾಗ್ ಸರಿಯಾಗಿ ಲೆಕ್ಕ ಹಾಕುತ್ತದೆ, ಕೆಂಪು ದೀಪವೂ ಉರಿಯುತ್ತಿರಬಹುದು. ಫೋರ್ಡ್ ಕಾರುಗಳ ಮಾಲೀಕರ ಕೈಪಿಡಿಯಲ್ಲೇ ಬೆಲ್ಟ್‌ಮೈಂಡರ್ ಆಫ್ ಮಾಡುವ ಕ್ರಮ ಅಚ್ಚಾಗಿದ್ದದ್ದೂ ಉಂಟು. ಅಪಾಯ ಇಲ್ಲ ಅಂತಲ್ಲ. ಸ್ವೀಡನ್‌ನ ಆ 99% ನೆನಪಿದೆಯಲ್ಲ, ಸದ್ದು ಹೋದರೆ ಮರೆವು ಬರುತ್ತದೆ. ಆದರೆ ಇಲ್ಲಿ ಕಾರು ಮೋಸ ಹೋಗಿಲ್ಲ.

ದೂರುವವರೆಲ್ಲ ಹಟಮಾರಿಗಳು ಅಂತಲೂ ನಾನು ಹೇಳುವುದಿಲ್ಲ. ಹಿಂದಿನ ಸೀಟಿಗೆ ಐಸೊಫಿಕ್ಸ್ ಕೊಂಡಿಯಲ್ಲಿ (ಮಗುವಿನ ಸೀಟನ್ನು ನೇರ ಕಾರಿಗೇ ಬಿಗಿಯುವ ಕೊಂಡಿ) ಮಗುವಿನ ಸೀಟ್ ಕಟ್ಟಿದವರಿಗೆ, ಬೆಲ್ಟ್ ಬೇಕಿಲ್ಲದಿದ್ದರೂ ಕೆಲವು ಕಾರುಗಳು ಕೂಗುತ್ತವೆ. ಕಾರಿನ ಮತ್ತು ಮಗುವಿನ ಸೀಟಿನ ಕೈಪಿಡಿ ಒಪ್ಪಿದರೆ, ಆ ಸೀಟಿನ ಬೆಲ್ಟನ್ನೇ ಮಗುವಿನ ಸೀಟಿನ ಹಿಂದಿನಿಂದ ಎಳೆದು ಸಿಕ್ಕಿಸಬಹುದು. ಚೀಲಕ್ಕೆ ಕೂಗಿದರೆ ಚೀಲವನ್ನು ಕಾರಿನ ಹಿಂದಿನ ಡಿಕ್ಕಿಯೊಳಗೆ ಇಡಿ. ಸೀಟಿನಲ್ಲೇ ಇದ್ದರೆ, ಕಾರು ಗುದ್ದಿದಾಗ ಅದೂ ಹಾರಿಬರುವ ವಸ್ತುವೇ. ದಿನಕ್ಕೆ ನೂರು ಕಡೆ ನಿಲ್ಲಿಸಿ ಪಾರ್ಸೆಲ್ ಕೊಡುವ ಚಾಲಕರ ಸಂಕಟ ಮಾತ್ರ ನಿಜವಾದದ್ದು. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ.

ಬೆಲ್ಟ್ ಹಾಕಿದ್ದರೂ ಬೀಪ್ ಬರುತ್ತಿದ್ದರೆ? ಆಗ ಕ್ಲಿಪ್ ತರಲು ಓಡುವವರೇ ಹೆಚ್ಚು. ಸ್ವಲ್ಪ ನಿಲ್ಲಿ. ಕಾರು ನಿಮ್ಮನ್ನು ಬೆಲ್ಟ್ ಹಾಕದವರು ಅಂತ ತಿಳಿದಿದೆ, ಹಾಗಾಗಿ ಬೇಡದ ಸಣ್ಣ ಗುದ್ದಿಗೂ ಏರ್‌ಬ್ಯಾಗ್ ಸಿಡಿಯಬಹುದು. ಸಾಮಾನ್ಯ ಕಾರಣಗಳು ಸಾಧಾರಣವಾದವೇ. ಬಕಲ್ ಒಳಗೆ ಬಿದ್ದ ನಾಣ್ಯ, ಚೆಲ್ಲಿದ ಜ್ಯೂಸ್ ಒಣಗಿ ಅಂಟಾದದ್ದು, ಸೀಟನ್ನು ಹಿಂದೆ ಮುಂದೆ ಸರಿಸಿ ಸರಿಸಿ ಸವೆದ ವೈರ್, ಸೀಟಿನ ಕೆಳಗೆ ವ್ಯಾಕ್ಯೂಮ್ ಮಾಡುವಾಗ ಸಡಿಲವಾದ ಕನೆಕ್ಟರ್. ರಿಪೇರಿಗೆ ಕೊಟ್ಟರೆ ಮುಗಿಯುವ ವಿಷಯ.

ಕಾರು ಕಂಪನಿಗಳಿಗೂ ಒಂದು ಮಾತು ಹೇಳಬೇಕು. ಈಗಿನ ಕಾರು ಲೇನ್ ದಾಟಿದರೆ ಕೂಗುತ್ತದೆ, ಬಾಗಿಲು ತೆರೆದರೆ ಕೂಗುತ್ತದೆ. ಯುರೋಪಿನಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಲ್ಲಿ ವೇಗಮಿತಿ ದಾಟಿದರೂ ಎಚ್ಚರಿಸುವ ವ್ಯವಸ್ಥೆ ಇರಬೇಕು. ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ ಥರದ ಸದ್ದು. ಕಿವಿ ಎಲ್ಲವನ್ನೂ ಒಂದೇ ತೂಕದಲ್ಲಿ ತೂಗಿ, ಎಲ್ಲದರ ಮೇಲೂ ಒಂದೇ ಸಿಟ್ಟು ಬೆಳೆಸಿಕೊಳ್ಳುತ್ತದೆ. ಬೆಲ್ಟಿನ ಬೀಪ್ ಬೇರೆಯವರ ಪಾಪವನ್ನೂ ಹೊರುತ್ತಿದೆ.

ಚಾಪೆ ರಂಗೋಲಿ ಆಟ ಇನ್ನೂ ನಡೆದಿದೆ. ಜನರಲ್ ಮೋಟರ್ಸ್ 2020ರ ಸುಮಾರಿಗೆ ಕೆಲವು ಮಾದರಿಗಳ ಹದಿಹರೆಯದವರ ಮೋಡ್‌ನಲ್ಲಿ, ಬೆಲ್ಟ್ ಹಾಕದಿದ್ದರೆ 20 ಸೆಕೆಂಡಿನ ತನಕ ಗೇರ್ ಪಾರ್ಕ್‌ನಿಂದ ಆಚೆ ಬಾರದಂತೆ ಮಾಡಿತು. 1974ರ ಇಂಟರ್‌ಲಾಕ್‌ನ ಸಾಧು ಮೊಮ್ಮಗ ಅದು. ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್‌ನ 2026ರ ಪರೀಕ್ಷಾ ಕ್ರಮ, ಬೆಲ್ಟ್ ಬೆನ್ನ ಹಿಂದೆ ಹೋಗಿದೆಯೇ ಅನ್ನುವಂಥ ತಪ್ಪು ಬಳಕೆಯನ್ನು ಗುರುತಿಸುವ ಕಾರುಗಳಿಗೆ ಅಂಕ ಕೊಡುತ್ತದೆ. ಕಾರಿನೊಳಗಿನ ಕ್ಯಾಮೆರಾ ಎದೆಯ ಮೇಲಿನ ಪಟ್ಟಿಯನ್ನೇ ನೋಡುವಾಗ ಬಕಲ್‌ನಲ್ಲಿ ಏನು ಸಿಕ್ಕಿಸಿದ್ದರೂ ಉಪಯೋಗವಿಲ್ಲ.

ಹಳೆಯ ಕಾರು ಕೊಳ್ಳುವವರು ಒಂದು ಪರೀಕ್ಷೆ ಮಾಡಿ. ಬೆಲ್ಟ್ ಹಾಕದೆ ಇಗ್ನಿಷನ್ ಆನ್ ಮಾಡಿ. ಬೆಲ್ಟಿನ ದೀಪ ಉರಿಯಬೇಕು, ಹಾಕಿದಾಗ ಆರಬೇಕು, ತೆಗೆದಾಗ ಮತ್ತೆ ಉರಿಯಬೇಕು. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಹೊತ್ತಿ ಆರಬೇಕು. ಹೊತ್ತದೇ ಇದ್ದರೆ ಯಾರೋ ಅದನ್ನೂ ಮುಚ್ಚಿರಬಹುದು. ಆಮೇಲೆ ಸೀಟನ್ನು ಪೂರ್ತಿ ಹಿಂದೆ ತಳ್ಳಿ, ಟಾರ್ಚ್ ಹಾಕಿ ಕೆಳಗೆ ನೋಡಿ. ಕಂಪನಿಯಿಂದ ಬಂದ ವೈರಿಂಗ್‌ನಲ್ಲಿ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ ಬೆಸುಗೆಗಳು ಇರುವುದಿಲ್ಲ. ಕಂಡರೆ, ಬೆಲೆ ಮಾತಾಡುವ ಮುಂಚೆ ಏರ್‌ಬ್ಯಾಗ್ ಘಟಕದ ದೋಷ ಸಂಕೇತಗಳನ್ನು ಓದಿಸಿ.